ಚೀಟಿಯಲ್ಲಿ ಬರೆಯದ ಮಾತು

ಕೊಟ್ಟಷ್ಟೂ ಹೆಚ್ಚುವ ಧನ ವಿದ್ಯೆಯೊಂದೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಪ್ರೌಢಶಾಲೆಯಲ್ಲಿ ಒಮ್ಮೆ, ಪಿ.ಯು.ಸಿ.ಯಲ್ಲಿ ಒಮ್ಮೆ ವಿಸ್ತರಿಸಿ ಬರೆದು ನಾನು ಅಂಕ ಗಳಿಸಿದ್ದೇನೆ. ಆ ಧನವನ್ನು ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು, ಯಾವ ಮಾತಿನಲ್ಲಿ ಕೊಡಬೇಕು ಎಂದು ಮಾತ್ರ ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ನನ್ನ ಅಂಕಗಳು ಖಂಡಿತ ಕಡಿಮೆಯಾಗುತ್ತಿದ್ದುವು. ಈ ವರ್ಷ ಅಂತಿಮ ಬಿ.ಎ. ತರಗತಿಯ ಕಿರುಸಂಶೋಧನೆಗೆಂದು ನನ್ನ ಊರಿನಲ್ಲಿಯೇ ಮನೆಮನೆ ತಿರುಗಿದ ಮೇಲೆ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಉತ್ತರ ಪೂರ್ತಿಯಾಗಿ ಸಿಕ್ಕಿದೆಯೆಂದು ಹೇಳಲಾರೆ. ಸಿಕ್ಕಿದಷ್ಟನ್ನು ಗುರುಗಳ ಮತ್ತು ವಿದ್ಯಾರ್ಥಿಮಿತ್ರರ ಮುಂದಿಡುತ್ತೇನೆ.

ನನ್ನ ಊರು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಿನ ಕೆಳಗೆ ಅಡಿಕೆ ತೋಟಗಳು, ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾಡು. ತೋಟಗಳು ಇತರರವು, ನಮ್ಮದು ಕೂಲಿಯ ಮನೆ. ಅಪ್ಪ ಕೊನೆ ಕೊಯ್ಯುತ್ತಾನೆ. ಅಮ್ಮ ಅಡಿಕೆ ಸುಲಿಯುವ ಕಾಲದಲ್ಲಿ ಅಡಿಕೆ ಸುಲಿಯುತ್ತಾಳೆ. ಅದು ಮುಗಿದ ಮೇಲೆ ಬೆಟ್ಟಕ್ಕೆ ಹೋಗಿ ದರಕು ಬಾಚಿ ತರುತ್ತಾಳೆ. ಬಯಲುಸೀಮೆಯ ಮಿತ್ರರಿಗಾಗಿ ಹೇಳುತ್ತೇನೆ: ದರಕು ಎಂದರೆ ಮರದಿಂದ ಉದುರಿದ ಒಣ ಎಲೆ. ಅದು ಮೊದಲು ಕೊಟ್ಟಿಗೆಯಲ್ಲಿ ದನಗಳಿಗೆ ಹಾಸಿಗೆ, ಆಮೇಲೆ ತೋಟಕ್ಕೆ ಗೊಬ್ಬರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಮೂರನೆಯ ತರಗತಿಯಿಂದಲೇ ನಾನು ಮನೆಯ ಗುಮಾಸ್ತ. ಬ್ಯಾಂಕಿನ ಕಾಗದ, ವಿದ್ಯುತ್ ಬಿಲ್ಲು, ಪಡಿತರದ ಚೀಟಿ, ಮದುವೆಯ ಕರೆಯೋಲೆ, ಏನು ಬಂದರೂ ನಾನೇ ಓದಿ ಹೇಳಬೇಕು.

2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗಗಳು ಸಾಯತೊಡಗಿದುವು. ಬೆನ್ನಿಗೇ ಜನರಿಗೆ ಜ್ವರ ಬಂದಿತು. ಮಂಗನ ಕಾಯಿಲೆಯ ಹೆಸರು ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ಆದರೆ ಹೆಸರು ಕೇಳುವುದು ಬೇರೆ, ಬಾಗಿಲಿಗೆ ಬರುವುದು ಬೇರೆ. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ನಮ್ಮೂರಿಗೂ ಸೂಜಿ ಹಾಕುವವರು ಬಂದರು, ಮೈಗೆ ಸವರಿಕೊಳ್ಳಲು ಡಿ.ಎಂ.ಪಿ. ಎಣ್ಣೆಯ ಸೀಸೆ ಕೊಟ್ಟರು. ಅಮ್ಮನೂ ಸೂಜಿ ಹಾಕಿಸಿಕೊಂಡಳು. ಅಂದು ರಾತ್ರಿ ಅವಳ ತೋಳು ಬಾತುಕೊಂಡಿತು. ಎರಡು ದಿನ ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರಲಾಗಲಿಲ್ಲ. ಎರಡು ದಿನದ ಕೂಲಿ ಹೋಯಿತು. ತಿಂಗಳ ನಂತರ ಎರಡನೆಯ ಸೂಜಿಗೆ ಬರಬೇಕೆಂದು ಒಂದು ಚೀಟಿ ಕೊಟ್ಟಿದ್ದರು. ಅದು ನನ್ನ ಶಾಲೆಯ ಚೀಲದಲ್ಲಿತ್ತು. ಆ ದಿನ ಬಂದಾಗ ನಾನು ಚೀಟಿ ತೆಗೆದು ಓದಿ ಹೇಳಿದೆ. ಅಮ್ಮ, “ಒಂದು ಹಾಕಿಸ್ಕಂಡಾಗಿದೆಯಲ್ಲ ಮಗಾ, ಮತ್ತೆ ಎಂತಕ್ಕೆ?” ಎಂದಳು. ಎಂತಕ್ಕೆ ಎಂಬುದು ನನಗೂ ಗೊತ್ತಿರಲಿಲ್ಲ. ಚೀಟಿಯನ್ನು ತಿರುಗಿಸಿ ನೋಡಿದೆ. ಅದರಲ್ಲಿ ತಾರೀಖು ಇತ್ತು, ಕಾರಣ ಇರಲಿಲ್ಲ. ಅಮ್ಮ ಸುಲಿಯಲು ಹೋದಳು, ನಾನು ಶಾಲೆಗೆ ಹೋದೆ.

ಫೆಬ್ರವರಿ ತಿಂಗಳ ಕೊನೆಯಲ್ಲಿ ಅವಳಿಗೆ ಜ್ವರ ಬಂದಿತು. ತಲೆ ಸಿಡಿಯುವ ನೋವು, ಸೊಂಟ ಕಾಲುಗಳಲ್ಲಿ ಸೆಳೆತ, ಆಮೇಲೆ ಒಸಡಿನಲ್ಲಿ ರಕ್ತ. ದೂರದ ಆಸ್ಪತ್ರೆಯಲ್ಲಿ ಹಲವು ದಿನ ಇದ್ದು ಹಿಂದಿರುಗಿದಳು. ಕರೆಯುವ ಹಸುವನ್ನು ಮಾರಿದೆವು. ಅವಳು ಮತ್ತೆ ಬೆಟ್ಟ ಹತ್ತಲು ಮುಂದಿನ ಮಳೆಗಾಲ ಕಳೆಯಬೇಕಾಯಿತು. ಆದರೂ ನಾವು ಪುಣ್ಯವಂತರು. ಈ ಕಾಯಿಲೆ ಬಿದ್ದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಆ ವರ್ಷ ಎಲ್ಲ ಮನೆಗಳಿಗೂ ನಮ್ಮ ಪುಣ್ಯ ಇರಲಿಲ್ಲ.

ಇನ್ನು ಕಾಲೇಜಿನ ಮಾತಿಗೆ ಬರುತ್ತೇನೆ. ಕಿರುಸಂಶೋಧನೆಗೆ ವಿಷಯ ಆರಿಸಿಕೊಳ್ಳಿರೆಂದಾಗ ನಾನು ‘ಮಂಗನ ಕಾಯಿಲೆ ಮತ್ತು ಕೂಲಿಯ ಕುಟುಂಬಗಳು’ ಎಂದು ಬರೆದುಕೊಟ್ಟೆ. ಅರ್ಥಶಾಸ್ತ್ರದ ಅಧ್ಯಾಪಕರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: “ನಿನ್ನ ದುಃಖ ಬರೆಯುವುದಕ್ಕೆ ಮೊದಲು ಇತರರು ಏನು ತಿಳಿದಿದ್ದಾರೆ ಓದು.” ಗ್ರಂಥಾಲಯದ ಗಣಕಯಂತ್ರದ ಮುಂದೆ ಕೂತು, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಓದಲು ಆರಂಭಿಸಿದೆ. ಓದುತ್ತ ಹೋದಂತೆ ಬೆರಗಾದೆ. ನಮ್ಮ ಕಾಯಿಲೆಯ ಬಗ್ಗೆ ಲೋಕಕ್ಕೆ ಇಷ್ಟೊಂದು ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜ್ವರ ಹರಡಿದೆ ಎಂಬ ಸುದ್ದಿ ಹೊರಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಂಗಗಳು ಸಾಯುತ್ತಿದ್ದುದರಿಂದ, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಇಲ್ಲಿಗೂ ಬಂದಿತೇ ಎಂದು ಮೊದಲು ಹೆದರಿದರು. ನೋಡಿದರೆ ಅದು ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಅಷ್ಟು ದೂರದ ನೆಂಟ ಇಲ್ಲಿಗೆ ಹೇಗೆ ಬಂದ? ವಲಸೆಯ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಸಂಶಯ ಹುಟ್ಟಿ, ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಅವುಗಳ ಹಾದಿ ಹುಡುಕುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. ಹೀಗೆ ನಮ್ಮ ಪಕ್ಕದ ತಾಲ್ಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆಲ್ಲ ಏರಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ವಿಜ್ಞಾನಿಗಳು ಬರುವುದಕ್ಕೆ ಮುಂಚೆಯೇ ಹಳ್ಳಿಗರು ಅದನ್ನು ಮಂಗನ ಕಾಯಿಲೆಯೆಂದು ಕರೆದಿದ್ದರು. ಮಂಗ ಸಾಯುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ಸಂಬಂಧವಿದೆ ಎಂಬುದನ್ನು ಮೊದಲು ಕಂಡವರು ಅವರು. ಮಂಗನಿಂದಲ್ಲ, ಮಂಗನ ಮೈಮೇಲಿನ ಉಣ್ಣೆಯಿಂದ ಎಂಬುದನ್ನು ತೋರಿಸಿಕೊಟ್ಟವರು ವಿಜ್ಞಾನಿಗಳು. ಮಂಗ ಸತ್ತೊಡನೆ ಉಣ್ಣೆಗಳು ಅದರ ಮೈಬಿಟ್ಟು ನೆಲಕ್ಕಿಳಿಯುತ್ತವೆ. ಎಳೆಯ ಉಣ್ಣೆಗಳು ಮಳೆ ನಿಂತ ಮೇಲೆ ಹೆಚ್ಚಿ, ಬೇಸಗೆಯವರೆಗೂ ಒಣ ಎಲೆಗಳ ನಡುವೆ ಕಾದಿರುತ್ತವೆ. ನಮ್ಮವರು ದರಕು ಬಾಚುವ ಕಾಲವೂ ಅದೇ.

ಓದುತ್ತ ಓದುತ್ತ ನನ್ನನ್ನು ತಡೆದು ನಿಲ್ಲಿಸಿದ ಬರೆಹಗಳು ಎರಡು. ಒಂದು, 2005ರಿಂದ 2010ರವರೆಗೆ ನಮ್ಮ ಸೀಮೆಯಲ್ಲಿ ಹಾಕಿದ ಲಸಿಕೆಯ ಫಲವನ್ನು ಲೆಕ್ಕಹಾಕಿದ ಅಧ್ಯಯನ. ಅದು ಅಚ್ಚಾದದ್ದು 2013ರಲ್ಲಿ. ಒಂದು ಸೂಜಿ ಮಾತ್ರ ತೆಗೆದುಕೊಂಡವರಿಗೆ ರಕ್ಷಣೆ ಸಿಕ್ಕಿತೆಂದು ಹೇಳುವಂತಿಲ್ಲ; ಎರಡು ತೆಗೆದುಕೊಂಡರೆ ಶೇಕಡ 62.4, ಆಮೇಲಿನ ಬಲವರ್ಧಕ ಸೂಜಿಯನ್ನೂ ತೆಗೆದುಕೊಂಡರೆ ಶೇಕಡ 82.9 ಎಂದು ಅದರಲ್ಲಿ ಬರೆದಿದೆ. ಇನ್ನೊಂದು, 2011–12ರಲ್ಲಿ ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಹೋಲಿಸಿ ನೋಡಿದ ಅಧ್ಯಯನ. ಕಾಡಿಗೆ ಹೋಗುವುದು, ದನಕರುಗಳ ಕೆಲಸ ಮಾಡುವುದು ಇವುಗಳ ಜೊತೆಗೆ, ಮನೆಯಂಗಳದಲ್ಲಿ ಒಣ ಎಲೆಯ ರಾಶಿ ಹಾಕಿಕೊಳ್ಳುವುದೂ ಅಪಾಯವೆಂದು ಅದು ಹೇಳುತ್ತದೆ.

ಆ ಸಂಜೆ ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕಹಾಕಿದೆ. ಈ ಎರಡು ಮಾತುಗಳೂ ನನ್ನ ಅಮ್ಮ ಕಾಯಿಲೆ ಬೀಳುವ ಐದಾರು ವರ್ಷ ಮೊದಲೇ ತಿಳಿದಿದ್ದುವು. ಅಂಗಳದ ಮೂಲೆಯಲ್ಲಿ ನಮ್ಮ ದರಕಿನ ರಾಶಿ ಆಗಲೂ ಇತ್ತು. ಅದರ ಮೇಲೆ ಹಾರಿ ನಾನು ಆಡಿದ್ದೇನೆ. ಬಿಡಿಸಿಟ್ಟ ಗಂಟು ಲೋಕದಲ್ಲಿ ಎಲ್ಲೋ ಇತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು, ನಾವು ಹೋಗದ ಜಾಗದಲ್ಲಿತ್ತು. ಅದನ್ನು ಬರೆದವರನ್ನು ನಾನು ದೂರುವುದಿಲ್ಲ. ಅವರು ಬಿಸಿಲಿನಲ್ಲಿ ಊರೂರು ತಿರುಗಿ, ನಮ್ಮಂಥವರ ಮನೆಯ ಜಗಲಿಯ ಮೇಲೆ ಕೂತು ಕೇಳಿಯೇ ಅದನ್ನು ಬರೆದಿದ್ದಾರೆ. ಸೂಜಿ ಹಾಕಿದವರನ್ನೂ ದೂರುವುದಿಲ್ಲ. ದಿನಕ್ಕೆ ಎಷ್ಟು ಮನೆಗಳನ್ನು ಅವರು ಹತ್ತಿ ಇಳಿದರೋ! ಇಬ್ಬರ ನಡುವೆ ಒಂದು ಸಾಲು ಬಿದ್ದುಹೋಯಿತು. ಆ ಸಾಲು ಓದಬೇಕಾಗಿದ್ದ ಗುಮಾಸ್ತ ನಾನೇ ಆಗಿದ್ದೆ.

ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಒಲೆಯ ಮುಂದೆ ಕೂತು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, “ಇದನ್ನ ಆವಾಗ ಯಾರಾದ್ರೂ ಹೇಳಿದ್ರೆ ಮತ್ತೊಂದೆರಡು ದಿನದ ಕೂಲಿ ಬಿಡ್ತಿದ್ದೆ ಮಗಾ” ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದ್ದರಿಂದಲೇ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು.

ಆಮೇಲೆ ನನ್ನ ಸಮೀಕ್ಷೆ. ಪ್ರಶ್ನಾವಳಿ ಹಿಡಿದು ನಮ್ಮ ಕೇರಿಯ ಮೊದಲನೆಯ ಮನೆಗೆ ಹೋದಾಗಲೇ ನೆರೆಮನೆಯ ದೊಡ್ಡಮ್ಮ ಕೇಳಿದಳು: “ಹೋದ್ಸಲ ಯಾರೋ ಬಂದು ಹಿಂಗೇ ಬರ್ಕಂಡು ಹೋದ್ರು. ಅದು ಎಂತಾಯ್ತು?” ನಾನು ಹೇಳಿದೆ: “ಅದು ಎಂತಾಯ್ತು ಗೊತ್ತಿಲ್ಲ ದೊಡ್ಡಮ್ಮ. ಇದು ಎಂತಾಯ್ತು ಅಂತ ನಾನೇ ಬಂದು ಹೇಳ್ತೀನಿ.” ಬಾಯಿತಪ್ಪಿ ಬಂದ ಆ ಮಾತು ನನ್ನ ಸಂಶೋಧನೆಯ ದಾರಿಯನ್ನೇ ಬದಲಿಸಿತು. ಕಾಲೇಜಿಗೆ ಮೂವತ್ತು ಪುಟ ಬರೆದು ಒಪ್ಪಿಸಿದರೆ ಅಂಕ ಬರುತ್ತಿತ್ತು. ಈಗ ದೊಡ್ಡಮ್ಮನಿಗೂ ಒಪ್ಪಿಸಬೇಕು!

ಮೂವತ್ತು ಪುಟದ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಬರೆಯುವುದು ಸುಲಭವೆಂದುಕೊಂಡಿದ್ದೆ. ಕುಳಿತಾಗ ತಿಳಿಯಿತು ಕಷ್ಟ. ‘ಲಸಿಕೆಯ ಪರಿಣಾಮಕಾರಿತ್ವ’ ಎಂದು ಬರೆದೆ; ನನಗೇ ನಗು ಬಂದಿತು. ಅದನ್ನು ಹೊಡೆದು, ‘ಎರಡು ಸೂಜಿ ತೆಗೆದುಕೊಂಡರೆ ಕಾಯಿಲೆ ಬರುತ್ತಿರಲಿಲ್ಲ’ ಎಂದು ಬರೆದು ಅಧ್ಯಾಪಕರಿಗೆ ತೋರಿಸಿದೆ. ಅವರು ಕೆಂಪು ಶಾಯಿಯಲ್ಲಿ ಅದನ್ನೂ ಹೊಡೆದರು. “ಮೊದಲನೆಯದು ಯಾರಿಗೂ ತಿಳಿಯದು. ಎರಡನೆಯದು ಎಲ್ಲರಿಗೂ ತಿಳಿಯುತ್ತದೆ, ಆದರೆ ಸುಳ್ಳು” ಎಂದರು. ಕಡೆಗೆ ಹೀಗೆ ಬರೆದೆ: ‘ಸೂಜಿ ಇಲ್ಲದೆ ಹೋದರೆ ನೂರು ಮಂದಿ ಕಾಯಿಲೆ ಬೀಳುವ ಕಡೆ, ಎರಡು ಸೂಜಿ ತೆಗೆದುಕೊಂಡಿದ್ದರೆ ಸುಮಾರು ಅರವತ್ತೆರಡು ಮಂದಿ ಪಾರಾಗುತ್ತಿದ್ದರು, ಮಿಕ್ಕವರು ಬೀಳುತ್ತಿದ್ದರು.’ ನನ್ನ ಅಮ್ಮ ಯಾವ ಗುಂಪಿನಲ್ಲಿರುತ್ತಿದ್ದಳೋ ಯಾರೂ ಹೇಳಲಾರರು. ಆ ಹಳೆಯ ಲಸಿಕೆಯ ಶಕ್ತಿಯ ಬಗ್ಗೆ ಮುಂದೆ ಸಂಶಯ ಬೆಳೆದು, 2022ರಲ್ಲಿ ಅದನ್ನು ಹಾಕುವುದನ್ನೇ ನಿಲ್ಲಿಸಿದರು; ಬೇರೊಂದಕ್ಕಾಗಿ ಕೆಲಸ ನಡೆದಿದೆ. ಹೊಸ ಸೂಜಿ ಬಂದ ದಿನ ಜನ ತೋಳು ಚಾಚಬೇಕಾದರೆ, ಹಳೆಯದರ ಬಗ್ಗೆ ನಾವು ಸುಳ್ಳು ಹೇಳಿರಬಾರದು. ತಿಳಿಯಹೇಳುವ ಭರದಲ್ಲಿ ಹೆಚ್ಚು ಹೇಳುವುದು ಹೇಳದೆ ಇರುವುದರಷ್ಟೇ ಕೆಡುಕು ಎಂಬುದನ್ನು ಆ ಕೆಂಪು ಶಾಯಿ ನನಗೆ ಕಲಿಸಿತು.

ಒಂದು ಸಂಜೆ ಅಂಗನವಾಡಿಯ ಜಗಲಿಯಲ್ಲಿ ಜನ ಸೇರಿದರು. ಹೆಂಗಸರೇ ಹೆಚ್ಚು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ‘ಜನರು ಸೌದೆಗಾಗಿ ಕಾಡಿಗೆ ಹೋಗುವುದು ಕಾಯಿಲೆಗೆ ಮುಖ್ಯ ಕಾರಣ, ಮನೆಮನೆಗೂ ಅಡಿಗೆಯ ಅನಿಲ ಬಂದರೆ ಅಪಾಯ ಕಡಿಮೆಯಾಗುವುದು’ ಎಂಬ ಸಾಲು ಬಂದೊಡನೆ ದೊಡ್ಡಮ್ಮ ತಡೆದಳು. “ಗ್ಯಾಸು ಬಂದು ವರ್ಷ ಎಷ್ಟಾಯ್ತು? ದರಕು ಒಲೆಗಲ್ಲ ಕಣೋ, ಕೊಟ್ಟಿಗೆಗೆ. ನಿನ್ನ ಗ್ಯಾಸನ್ನ ದನದ ಕಾಲಡಿ ಹಾಸೋದಾ?” ಜಗಲಿ ತುಂಬ ನಗೆ. ನಾನೂ ನಕ್ಕೆ; ಆದರೆ ಒಳಗೆ ಬೆವತೆ. ದರಕಿನ ಮನೆಯಲ್ಲೇ ಹುಟ್ಟಿ ಬೆಳೆದ ನಾನು, ಪುಸ್ತಕದ ಮಾತನ್ನು ಬರೆಯುವ ಅವಸರದಲ್ಲಿ ಮನೆಯ ಮಾತನ್ನು ಮರೆತಿದ್ದೆ. ಇನ್ನೊಬ್ಬಾಕೆ ಹೇಳಿದಳು: “ಸೌದೆ ಕಡಿಯೋರು ನಿಂತು ಕಡೀತಾರೆ. ದರಕು ಬಾಚೋರು ಬಗ್ಗಿ ಬಾಚ್ಬೇಕು, ಕೈಯೆಲ್ಲ ನೆಲದ ಮೇಲೇ. ಹೊರೆ ತಲೆ ಮೇಲೆ ಇಟ್ರೆ ಎಲೆ ಕುತ್ತಿಗೆಗೆ ತಾಗ್ತಾ ಬರ್ತದೆ.” ಮತ್ತೊಬ್ಬಾಕೆ, “ಎಣ್ಣೆ ಹಂಚೋರು, ಸೂಜಿ ಹಾಕೋರು ಹಗಲು ಹನ್ನೊಂದು ಗಂಟೆಗೆ ಬಂದ್ರೆ ಕೂಲಿಗೆ ಹೋದೋರು ಸಿಗ್ತಾರಾ?” ಎಂದಳು. ಈ ಮೂರು ಮಾತುಗಳೂ ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಅವರು ಉತ್ತರ ಕೊಟ್ಟಿದ್ದರು. ತಿರುಗಿ ಬಂದು ಓದಿ ಹೇಳದೆ ಇದ್ದಿದ್ದರೆ ನನ್ನ ತಪ್ಪು ತಪ್ಪಾಗಿಯೇ ಬೈಂಡಾಗಿ ಬೀರು ಸೇರುತ್ತಿತ್ತು.

ಸಭೆಗೆ ಬಂದಿದ್ದ ಪಂಚಾಯಿತಿಯ ಸದಸ್ಯರು ಕಡೆಯವರೆಗೂ ಸುಮ್ಮನಿದ್ದರು. ಎದ್ದು ಹೋಗುವಾಗ, “ಎಲ್ಲ ಚೆನ್ನಾಗದೆ ತಮ್ಮಾ. ಇದ್ರಲ್ಲಿ ನಮ್ಮ ಕೈಲಿ ಆಗೋದು ಯಾವುದು ಅಂತ ಬೇರೆ ಹಾಳೇಲಿ ಬರ್ಕೊಡು” ಎಂದರು. ಆಗ ನನಗೆ ಸ್ವಲ್ಪ ಸಿಟ್ಟು ಬಂದಿತು. ರಾತ್ರಿ ಯೋಚಿಸಿದಾಗ ಅವರ ಮಾತೇ ಸರಿಯೆನಿಸಿತು. ನನ್ನ ಪ್ರಬಂಧದ ಕಡೆಯ ಪುಟದಲ್ಲಿ ‘ಸರ್ಕಾರವು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಿತ್ತು. ಯಾವ ಸರ್ಕಾರ? ಯಾವ ಕ್ರಮ? ಎಂದಿನೊಳಗೆ? ನಾವು ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಈ ವಾಕ್ಯ ಎಷ್ಟು ಸಲ ಬಂದಿದೆಯೋ! ಯಾರ ಮೇಜಿನ ಮೇಲೂ ನಿಲ್ಲದ ವಾಕ್ಯ ಅದು.

ಮೂರು ಪಟ್ಟಿ ಮಾಡಿದೆ. ಮನೆಯವರಿಂದ ಆಗುವುದು: ದರಕಿನ ರಾಶಿಯನ್ನು ಅಂಗಳದಿಂದ ದೂರ ಹಾಕುವುದು, ಬೆಟ್ಟಕ್ಕೆ ಹೋಗುವ ಮುಂಚೆ ಎಣ್ಣೆ ಸವರಿ ಮೈಮುಚ್ಚುವ ಬಟ್ಟೆ ತೊಡುವುದು, ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು ಮೈಯನ್ನು ನೋಡಿಕೊಳ್ಳುವುದು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಕೂಡಲೇ ತಿಳಿಸುವುದು. ಪಂಚಾಯಿತಿಯಿಂದ ಆಗುವುದು: ಯಾರಿಗೆ ತಿಳಿಸಬೇಕೋ ಅವರ ದೂರವಾಣಿ ಸಂಖ್ಯೆಯನ್ನು ಎಲ್ಲರೂ ನೋಡುವ ಗೋಡೆಯ ಮೇಲೆ ಬರೆಸುವುದು, ಎಣ್ಣೆಯನ್ನು ಸಂಜೆ ಹಂಚಿಸುವುದು. ಮೇಲಿನವರಿಂದ ಆಗುವುದು: ಹೊಸ ಲಸಿಕೆ ಬಂದಾಗ ಕೂಲಿಯವರ ಪಂಚಾಂಗ ನೋಡಿ ದಿನ ಗೊತ್ತುಮಾಡುವುದು, ಚೀಟಿಯಲ್ಲಿ ತಾರೀಖಿನ ಜೊತೆಗೆ ಕಾರಣವನ್ನೂ ಅಚ್ಚುಮಾಡಿಸುವುದು. ‘ಕಾಡಿಗೆ ಹೋಗಬೇಡಿ’ ಎಂಬುದನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ. ಹೋಗದೆ ಬದುಕಲಾಗದವರಿಗೆ ಅದು ಬುದ್ಧಿವಾದವಲ್ಲ, ಹಂಗಿಸಿದಂತೆ.

ಇದರಿಂದ ದೊಡ್ಡ ಬದಲಾವಣೆಯಾಯಿತೆಂದು ನಾನು ಹೇಳಹೊರಟಿಲ್ಲ. ಈಗ ನಮ್ಮೂರಿನ ಪಡಿತರದ ಅಂಗಡಿಯ ಗೋಡೆಯ ಮೇಲೆ ದೂರವಾಣಿ ಸಂಖ್ಯೆ ನೀಲಿ ಬಣ್ಣದಲ್ಲಿದೆ. ಕೆಲವು ಮನೆಗಳ ದರಕು ಅಂಗಳದಿಂದ ಹಿತ್ತಲಿನಾಚೆಗೆ ಹೋಗಿದೆ. ಮೂರನೆಯ ಪಟ್ಟಿಯನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ; ಉತ್ತರ ಬಂದಿಲ್ಲ. ಮೇಲಿನವರಿಗೂ ಅವರವರ ತೊಂದರೆಗಳಿರುತ್ತವೆ. ನೂರು ಕಾಗದಗಳ ನಡುವೆ ನನ್ನದೂ ಒಂದು. ಆದರೆ ಕಾಗದ ಎರಡು ನಿಮಿಷದಲ್ಲಿ ಓದುವಂತಿದೆ, ಯಾರು ಏನು ಮಾಡಬೇಕೆಂದು ಅದರಲ್ಲಿ ಬರೆದಿದೆ ಎಂಬಷ್ಟು ಸಮಾಧಾನ ನನಗಿದೆ.

ನಮ್ಮ ವಿಭಾಗದ ಬೀರುವಿನಲ್ಲಿ ಹಿಂದಿನ ವರ್ಷಗಳ ಕಿರುಸಂಶೋಧನೆಗಳು ಸಾಲಾಗಿ ನಿಂತಿವೆ. ಕೆರೆಗಳ ಬಗ್ಗೆ, ಬೀಡಿ ಕಟ್ಟುವವರ ಬಗ್ಗೆ, ಮಧ್ಯದಲ್ಲೇ ಶಾಲೆ ಬಿಟ್ಟ ಮಕ್ಕಳ ಬಗ್ಗೆ. ಪ್ರತಿಯೊಂದರ ಹಿಂದೆಯೂ ತಮ್ಮ ಕೆಲಸ ಬಿಟ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಯಾರೋ ಇದ್ದಾರೆ. ನಾವು ಅವರಿಂದ ಸಾಲ ತಂದಿದ್ದೇವೆ. ಗುರುಗಳಲ್ಲಿ ನನ್ನದೊಂದು ವಿನಂತಿ: ಮುಂದಿನ ವರ್ಷದಿಂದ ಪ್ರತಿಯೊಂದು ಪ್ರಬಂಧದ ಕೊನೆಗೂ ಒಂದು ಕನ್ನಡದ ಪುಟ ಇರಲಿ, ಅದನ್ನು ಆ ಜನರ ಮುಂದೆ ಓದಿ ಹೇಳಿದ ಮೇಲೆಯೇ ಪ್ರಬಂಧವನ್ನು ಸ್ವೀಕರಿಸೋಣವಾಗಲಿ. ಅಂಕಗಳ ವಿಷಯ ತಮಗೆ ಬಿಟ್ಟದ್ದು. ಮಿತ್ರರಿಗೆ ಹೇಳುವುದಿಷ್ಟೆ: ನಮ್ಮಲ್ಲಿ ಹಲವರು ಮನೆಯ ಮೊದಲ ಓದುಗರು. ಚೀಟಿ ಬಂದಾಗ ತಾರೀಖನ್ನಷ್ಟೇ ಓದಿ ಮಡಿಸಿಡುವುದು ಬೇಡ.

ಕಳೆದ ವಾರ ಊರಿಗೆ ಹೋಗಿದ್ದೆ. ಅಮ್ಮ ಬೆಟ್ಟಕ್ಕೆ ಹೊರಡುತ್ತಿದ್ದಳು. ತೋಳಿಗೆ ಎಣ್ಣೆ ಸವರಿಕೊಳ್ಳುತ್ತ, ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಅದನ್ನು ಎಂತಕ್ಕೆ ಸವರಬೇಕೆಂದು ಹೇಳಿಕೊಡುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಕೇಳಿದೆ. ಒಂದೆರಡು ಕಡೆ ನನಗಿಂತ ಚೆನ್ನಾಗಿಯೇ ಹೇಳಿದಳು.